ಡೇಟಾ ಹರಿಯುತ್ತಿರುವಾಗಲೇ ಸೆಟ್ಟಿಂಗ್ ಬದಲಿಸೋದು ಹೇಗೆ?

2025ರ ನವೆಂಬರ್ 18. ನಮ್ಮಲ್ಲಿ ಸಂಜೆ 5 ಗಂಟೆ ಹೊತ್ತು. ಎಕ್ಸ್ ತೆರೆಯುತ್ತಿಲ್ಲ, ಚಾಟ್‌ಜಿಪಿಟಿ ತೆರೆಯುತ್ತಿಲ್ಲ, ಇನ್ನೂ ಎಷ್ಟೋ ಸೈಟ್‌ಗಳಲ್ಲಿ ಅದೇ ಎರರ್ ಪುಟ. ಅದರಲ್ಲಿ ಕ್ಲೌಡ್‌ಫ್ಲೇರ್ ಅನ್ನೋ ಹೆಸರು. ಬೇರೆಯವರ ಸೈಟ್‌ಗಳ ಮುಂದೆ ನಿಂತು ಅವನ್ನು ಕಾಯುವ, ಬೇಗ ತಲುಪಿಸುವ ಕಂಪನಿ ಅದು. ಯಾರೋ ದೊಡ್ಡ ದಾಳಿ ಮಾಡಿದ್ದಾರೆ ಅಂತ ಆ ಕಂಪನಿಯವರಿಗೇ ಮೊದಲು ಅನುಮಾನ ಬಂದಿತ್ತು.

ಆಗಿದ್ದು ಬೇರೆ. ಬಾಟ್‌ಗಳನ್ನು, ಅಂದರೆ ಮನುಷ್ಯರ ಬದಲು ಸೈಟ್‌ಗೆ ಬರುವ ಪ್ರೋಗ್ರಾಮ್‌ಗಳನ್ನು, ಗುರುತಿಸಲು ಬಳಸುವ ಒಂದು ಕಾನ್ಫಿಗರೇಷನ್ (ಸೆಟ್ಟಿಂಗ್) ಫೈಲ್ 5 ನಿಮಿಷಕ್ಕೊಮ್ಮೆ ಹೊಸದಾಗಿ ತಯಾರಾಗಿ ಅವರ ಇಡೀ ಜಾಲಕ್ಕೆ ಹೋಗುತ್ತಿತ್ತು. ಅದನ್ನು ತಯಾರಿಸುವ ಡೇಟಾಬೇಸ್ ಕ್ಲಸ್ಟರ್‌ನಲ್ಲಿ, ಅಂದರೆ ಡೇಟಾ ಇಡುವ ಯಂತ್ರಗಳ ಗುಂಪಿನಲ್ಲಿ, ಯಾರಿಗೆ ಏನು ಕಾಣಬೇಕು ಅನ್ನೋ ಪರ್ಮಿಷನ್ ಬದಲಿಸಿದ್ದರು. ಅದರಿಂದ ಒಂದೇ ಸಾಲು ಮತ್ತೆ ಮತ್ತೆ ಬಂದು ಫೈಲ್ ಉಬ್ಬಿತು. ಫೈಲ್ ಓದುವ ಪ್ರೋಗ್ರಾಮ್ 200 ಅಂಶಗಳ ತನಕ ಮಾತ್ರ ತಾಳುತ್ತಿತ್ತು. ಮಾಮೂಲಿಗೆ ಬರುತ್ತಿದ್ದುದು 60ರ ಆಸುಪಾಸು. ಮಿತಿ ದಾಟಿದ ಕೂಡಲೇ ಪ್ರೋಗ್ರಾಮ್ ಬಿದ್ದುಹೋಯಿತು.

ಇದರಲ್ಲಿ ಇನ್ನೊಂದು ವಿಚಿತ್ರ ಇತ್ತು. ಪರ್ಮಿಷನ್ ಬದಲಾವಣೆ ಡೇಟಾಬೇಸ್ ಕ್ಲಸ್ಟರ್‌ನ ಎಲ್ಲ ಯಂತ್ರಗಳಿಗೂ ಇನ್ನೂ ತಲುಪಿರಲಿಲ್ಲ. ತಲುಪಿದ ಯಂತ್ರದಲ್ಲಿ ತಯಾರಾದರೆ ಕೆಟ್ಟ ಫೈಲ್, ತಲುಪದ ಯಂತ್ರದಲ್ಲಾದರೆ ಸರಿಯಾದ ಫೈಲ್. ಹಾಗಾಗಿ ಜಾಲ ಒಮ್ಮೆ ಬೀಳುತ್ತಿತ್ತು, ಸ್ವಲ್ಪ ಹೊತ್ತಿಗೆ ತಾನೇ ಏಳುತ್ತಿತ್ತು, ಮತ್ತೆ ಬೀಳುತ್ತಿತ್ತು. ದಾಳಿ ಅನ್ನೋ ಅನುಮಾನಕ್ಕೆ ಇದೂ ಒಂದು ಕಾರಣ.

ಅರ್ಧ ಹಳೆಯದು, ಅರ್ಧ ಹೊಸದು. ಸೆಟ್ಟಿಂಗ್ ಬದಲಾವಣೆಯ ಕಷ್ಟವೆಲ್ಲ ಹೆಚ್ಚುಕಮ್ಮಿ ಈ ನಡುವಿನ ಹೊತ್ತಿನಲ್ಲೇ ಇರುತ್ತದೆ. ಡೇಟಾ ಒಂದೇ ಸಮನೆ ಹರಿಯುವ ಸ್ಟ್ರೀಮ್ ಪ್ರೊಸೆಸಿಂಗ್ ಕ್ಲಸ್ಟರ್‌ಗಳಲ್ಲಂತೂ ಈ ಹೊತ್ತು ಇನ್ನೂ ನಾಜೂಕು. ಯಾಕೆ ಅಂತ ಬುಡದಿಂದ ನೋಡೋಣ.

ಸ್ಟ್ರೀಮ್ ಪ್ರೊಸೆಸಿಂಗ್ ಅಂದ್ರೆ ಏನು?

ಲೆಕ್ಕ ಮಾಡೋದಕ್ಕೆ ಎರಡು ದಾರಿ ಇವೆ. ದಿನದ ವಹಿವಾಟನ್ನೆಲ್ಲ ಕೂಡಿಟ್ಟು ರಾತ್ರಿ ಒಟ್ಟಿಗೆ ಲೆಕ್ಕ ಹಾಕಬಹುದು. ಇಲ್ಲವೇ ಪ್ರತಿ ವಹಿವಾಟು ಬಂದ ಹಾಗೇ, ಬಂದ ಕ್ಷಣದಲ್ಲೇ ಲೆಕ್ಕ ಹಾಕಬಹುದು. ಎರಡನೆಯದು ಸ್ಟ್ರೀಮ್ ಪ್ರೊಸೆಸಿಂಗ್. ಒಂದೇ ಕಾರ್ಡನ್ನು 1 ನಿಮಿಷದಲ್ಲಿ 5ಕ್ಕಿಂತ ಜಾಸ್ತಿ ಸಲ ಉಜ್ಜಿದರೆ ತಡೆಹಿಡಿಯಬೇಕು ಅಂತ ಬ್ಯಾಂಕಿನ ನಿಯಮ ಇದೆ ಅಂದುಕೊಳ್ಳಿ. ರಾತ್ರಿ ಲೆಕ್ಕ ಹಾಕಿ ಕಳ್ಳನನ್ನು ಹಿಡಿದರೆ ಏನು ಬಂತು?

ಇಂಥ ಕೆಲಸ ಒಂದು ಕಂಪ್ಯೂಟರ್‌ನಿಂದ ಆಗೋದಿಲ್ಲ. ಹತ್ತಾರು, ಕೆಲವೊಮ್ಮೆ ಸಾವಿರಾರು ಸರ್ವರ್‌ಗಳು ಸೇರಿ ಮಾಡುತ್ತವೆ. ಆ ಗುಂಪೇ ಕ್ಲಸ್ಟರ್. ಅದರಲ್ಲಿ ಮುಖ್ಯವಾಗಿ ಎರಡು ಬಗೆಯ ತಂತ್ರಾಂಶ ಇರುತ್ತದೆ. ಮೊದಲನೆಯದು, ಬಂದ ಮೆಸೇಜ್‌ಗಳನ್ನು ಬಂದ ಕ್ರಮದಲ್ಲೇ ಬರೆದಿಟ್ಟುಕೊಂಡು ಕೇಳಿದವರಿಗೆ ಕೊಡುವಂಥದ್ದು. ಇದಕ್ಕೆ ಹೆಸರಾದದ್ದು ಅಪಾಚೆ ಕಾಫ್ಕಾ. ಲಿಂಕ್ಡ್‌ಇನ್‌ನಲ್ಲಿ ಹುಟ್ಟಿ 2011ರಲ್ಲಿ ಓಪನ್ ಸೋರ್ಸ್ ಆದದ್ದು. ಕಟ್ಟಿದ ಮೂವರಲ್ಲಿ ಪುಣೆಯ ನೇಹಾ ನಾರ್ಖೇಡೆ ಒಬ್ಬರು. ಎರಡನೆಯದು, ಆ ಮೆಸೇಜ್‌ಗಳನ್ನು ಓದಿ ಲೆಕ್ಕ ಹಾಕುವಂಥದ್ದು. ಬರ್ಲಿನ್‌ನ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಬೆಳೆದ ಅಪಾಚೆ ಫ್ಲಿಂಕ್ ಈ ಕೆಲಸಕ್ಕೆ ಬಳಕೆಯಲ್ಲಿದೆ.

ಇನ್ನೆರಡು ಮಾತು ಗೊತ್ತಿದ್ದರೆ ಮುಂದಿನದು ಸುಲಭ. ಒಂದು, ಪಾರ್ಟಿಷನ್. ಕಾಫ್ಕಾದಲ್ಲಿ ಒಂದು ವಿಷಯದ (ಟಾಪಿಕ್) ಮೆಸೇಜ್‌ಗಳನ್ನು ಹಲವು ಸಾಲುಗಳಾಗಿ ಹಂಚಿರುತ್ತಾರೆ, ಬೇರೆ ಬೇರೆ ಸರ್ವರ್‌ಗಳು ಬೇರೆ ಬೇರೆ ಸಾಲನ್ನು ನೋಡಿಕೊಳ್ಳಲಿ ಅಂತ. ಇನ್ನೊಂದು, ಸ್ಟೇಟ್. ಈ ಕಾರ್ಡ್ ಈ ನಿಮಿಷದಲ್ಲಿ ಈಗಾಗಲೇ 3 ಸಲ ಬಳಕೆಯಾಗಿದೆ ಅನ್ನೋ ನೆನಪನ್ನು ಯಾವುದೋ ಒಂದು ಸರ್ವರ್ ಇಟ್ಟುಕೊಂಡಿರಬೇಕಲ್ವಾ? ಆ ನೆನಪೇ ಸ್ಟೇಟ್.

ಕಾನ್ಫಿಗರೇಷನ್‌ನಲ್ಲಿ ಮೂರು ಜಾತಿ

ಪ್ರೋಗ್ರಾಮ್ ಬರೆದ ಮೇಲೂ ಬದಲಿಸಬಹುದಾದ ಸಂಖ್ಯೆ, ಮಿತಿ, ವಿಳಾಸಗಳೇ ಕಾನ್ಫಿಗರೇಷನ್. ನಮ್ಮ ನಿಯಮದಲ್ಲಿರುವ 5 ಅನ್ನೋದು ಒಂದು ಸೆಟ್ಟಿಂಗ್. ಮೆಸೇಜ್‌ಗಳನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು ಅನ್ನೋದು ಇನ್ನೊಂದು. ಕಾಫ್ಕಾದಲ್ಲಿ ನೀವಾಗಿ ಏನೂ ಹೇಳದಿದ್ದರೆ 7 ದಿನ.

ಎಲ್ಲ ಸೆಟ್ಟಿಂಗ್ ಒಂದೇ ಥರ ಅಲ್ಲ. ಕಾಫ್ಕಾ ತನ್ನ ಸರ್ವರ್‌ಗಳ ಸೆಟ್ಟಿಂಗ್‌ಗಳನ್ನು ಮೂರು ಗುಂಪು ಮಾಡಿದೆ. ಕೆಲವನ್ನು ಬದಲಿಸಿದರೆ ಸರ್ವರ್ ರೀಸ್ಟಾರ್ಟ್ ಮಾಡಲೇಬೇಕು. ಕೆಲವನ್ನು ಒಂದೊಂದು ಸರ್ವರ್‌ಗೆ ಬೇರೆ ಬೇರೆಯಾಗಿ, ಓಡುತ್ತಿರುವಾಗಲೇ ಬದಲಿಸಬಹುದು. ಇನ್ನು ಕೆಲವನ್ನು ಇಡೀ ಕ್ಲಸ್ಟರ್‌ಗೆ ಒಂದೇ ಆಜ್ಞೆಯಲ್ಲಿ ಬದಲಿಸಬಹುದು. ಈ ಅನುಕೂಲ ಬಂದದ್ದು 2018ರ 1.1 ಆವೃತ್ತಿಯಲ್ಲಿ. ಅದಕ್ಕೂ ಮೊದಲು ಸರ್ವರ್‌ನ ಸಣ್ಣಪುಟ್ಟ ಸೆಟ್ಟಿಂಗ್‌ಗೂ ಫೈಲ್ ತಿದ್ದಿ ಒಂದೊಂದೇ ಸರ್ವರ್ ಇಳಿಸಿ ಏರಿಸಬೇಕಿತ್ತು.

ಬದಲಿಸೋದು ಸುಲಭವಾದಷ್ಟೂ ಹಿಂದೆ ಹೋಗೋದೂ ಸುಲಭ ಅಂತ ಅನ್ನಿಸುತ್ತದೆ. ಹಾಗೇನಿಲ್ಲ. ಇದು ಕೊನೆಯ ಭಾಗದಲ್ಲಿ ಬರುತ್ತದೆ.

ಎಲ್ಲರಿಗೂ ಒಂದೇ ಕ್ಷಣದಲ್ಲಿ ಹೇಳಲು ಆಗೋದಿಲ್ಲ

ಮದುವೆ ಊಟದ ಪಂಕ್ತಿ ನೆನಪು ಮಾಡಿಕೊಳ್ಳಿ. ಛತ್ರದಲ್ಲಿ ಹತ್ತು ಸಾಲು, ಬಡಿಸುವವರು ಹತ್ತು ಜನ. ತಲೆಗೆ ಎರಡು ಹೋಳಿಗೆ ಅಂತ ಶುರುವಾಗಿದೆ. ಅರ್ಧಕ್ಕೆ ಬಂದಾಗ ಹೋಳಿಗೆ ಸಾಲೋದಿಲ್ಲ ಅಂತ ಅಡುಗೆ ಭಟ್ಟರಿಗೆ ಗೊತ್ತಾಗುತ್ತದೆ. 'ಇನ್ಮೇಲೆ ಒಂದೊಂದೇ' ಅಂತ ಹೇಳಿ ಕಳಿಸುತ್ತಾರೆ. ಹತ್ತಿರ ಇದ್ದ ಮೂವರಿಗೆ ಕೇಳಿಸಿತು. ದೂರದ ಸಾಲಿನವರಿಗೆ ಇನ್ನೂ ಗೊತ್ತಿಲ್ಲ. ಒಬ್ಬ ಬುಟ್ಟಿ ತುಂಬಿಸಿಕೊಳ್ಳಲು ಒಳಗೆ ಹೋಗಿದ್ದಾನೆ, ಅವನಿಗೆ ಹೇಳಿದವರೇ ಇಲ್ಲ. ಎಲ್ಲರನ್ನೂ ನಿಲ್ಲಿಸಿ ಹೇಳೋಣ ಅಂದರೆ ಎಲೆ ಮುಂದೆ ಕೂತವರು ಕಾಯಬೇಕು. ಅಷ್ಟರಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಬಂದು 'ನಮ್ಮವರಿಗೆ ಎರಡೆರಡು ಹಾಕ್ರಪ್ಪ' ಅಂದುಬಿಡುತ್ತಾರೆ.

ಇಲ್ಲಿ ಎರಡು ಪ್ರಶ್ನೆ ಇವೆ. ಮಾತು ಯಾರಿಗೆಲ್ಲ ತಲುಪಿದೆ? ಯಾರ ಮಾತು ಕೊನೆಯದು? ಕ್ಲಸ್ಟರ್‌ನಲ್ಲೂ ಇವೇ ಪ್ರಶ್ನೆ.

ಎರಡನೆಯದಕ್ಕೆ ಉತ್ತರ, ಒಂದು ಪುಟ್ಟ ಸಮಿತಿ. ಸಾಮಾನ್ಯವಾಗಿ 3 ಅಥವಾ 5 ಸರ್ವರ್. ಯಾವುದೇ ಬದಲಾವಣೆಯನ್ನು ಇವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬರೆದುಕೊಂಡ ಮೇಲೆ ಮಾತ್ರ ಅದು ಪಕ್ಕಾ. ಬೆಸ ಸಂಖ್ಯೆ ಯಾಕೆ ಅಂದರೆ, 3 ಇದ್ದರೂ 4 ಇದ್ದರೂ ಒಬ್ಬರು ಬಿದ್ದರಷ್ಟೇ ತಾಳಬಹುದು. ನಾಲ್ಕನೆಯವರಿಂದ ಲಾಭ ಇಲ್ಲ. ಕಾಫ್ಕಾದಲ್ಲಿ ಬಹಳ ಕಾಲ ಈ ಕೆಲಸವನ್ನು ಝೂಕೀಪರ್ ಅನ್ನೋ ಬೇರೆಯೇ ತಂತ್ರಾಂಶ ಮಾಡುತ್ತಿತ್ತು. 2025ರ ಮಾರ್ಚ್‌ನಲ್ಲಿ ಬಂದ 4.0 ಆವೃತ್ತಿಯಿಂದ ಅದನ್ನು ಪೂರ್ತಿ ತೆಗೆದುಹಾಕಿ, ಕ್ರಾಫ್ಟ್ ಅನ್ನೋ ತನ್ನದೇ ಏರ್ಪಾಡು ಮಾಡಿಕೊಂಡಿದೆ.

ಮೊದಲ ಪ್ರಶ್ನೆಗೆ ಉತ್ತರ ಇನ್ನೂ ಚೆನ್ನಾಗಿದೆ. ಪ್ರತಿ ಬದಲಾವಣೆಗೂ ಒಂದು ಕ್ರಮಸಂಖ್ಯೆ ಕೊಡುತ್ತಾರೆ. ಕ್ರಾಫ್ಟ್‌ನಲ್ಲಿ ಬದಲಾವಣೆಗಳೆಲ್ಲ ಒಂದು ಪುಸ್ತಕದಲ್ಲಿ ಬರೆದ ಹಾಗೆ ಸಾಲಾಗಿ ಇರುತ್ತವೆ. ಪ್ರತಿ ಸರ್ವರ್ ಅದನ್ನು ಕ್ರಮವಾಗಿ ಓದುತ್ತಾ ಬರುತ್ತದೆ, ಎಲ್ಲಿಯ ತನಕ ಓದಿದೆ ಅಂತ ತಿಳಿಸುತ್ತದೆ. ಒಂದು ಸರ್ವರ್ ಹಿಂದೆ ಬಿದ್ದಿರಬಹುದು, ಆದರೆ ಎಷ್ಟು ಹಿಂದೆ ಬಿದ್ದಿದೆ ಅಂತ ಗೊತ್ತಿರುತ್ತದೆ. ನಡುವಿನ ಹೊತ್ತನ್ನು ಇಲ್ಲವಾಗಿಸಲು ಆಗೋದಿಲ್ಲ. ಅಳೆಯಬಹುದು.

ನಿಯಮವನ್ನೇ ಹರಿವಿಗೆ ಬಿಡೋದು

ಈಗ ಬ್ಯಾಂಕಿನವರು 5ರ ಮಿತಿಯನ್ನು 3ಕ್ಕೆ ಇಳಿಸಬೇಕು ಅಂತಾರೆ. ಹಳೆಯ ದಾರಿ ಏನಂದರೆ ಲೆಕ್ಕದ ಪ್ರೋಗ್ರಾಮ್ ನಿಲ್ಲಿಸಿ, ಸಂಖ್ಯೆ ತಿದ್ದಿ, ಮತ್ತೆ ಶುರು ಮಾಡೋದು. ಫ್ಲಿಂಕ್‌ನಲ್ಲಿ ಇದಕ್ಕೆ ಸೇವ್‌ಪಾಯಿಂಟ್ ಅನ್ನೋ ಸೌಲಭ್ಯ ಇದೆ. ನಿಲ್ಲಿಸುವ ಮುಂಚೆ ಎಲ್ಲ ಸ್ಟೇಟ್‌ನ ಒಂದು ಪ್ರತಿ ತೆಗೆದಿಡುತ್ತದೆ. ಎಲ್ಲಿಯ ತನಕ ಓದಿತ್ತು ಅನ್ನೋ ಗುರುತೂ ಅದರಲ್ಲೇ ಇರುತ್ತದೆ. ಎದ್ದ ಮೇಲೆ ಅಲ್ಲಿಂದಲೇ ಮುಂದುವರಿಯುತ್ತದೆ. ಏನೂ ಕಳೆದುಹೋಗೋದಿಲ್ಲ, ಆದರೆ ನಿಂತಿದ್ದ ಹೊತ್ತಿನ ಮೆಸೇಜ್‌ಗಳು ಕಾಫ್ಕಾದಲ್ಲಿ ರಾಶಿ ಬಿದ್ದಿರುತ್ತವೆ. ಆ ರಾಶಿ ಕರಗುವ ತನಕ ಕಳ್ಳನಿಗೆ ಅನುಕೂಲ.

ಇನ್ನೊಂದು ದಾರಿ ಜಾಣತನದ್ದು. ಹೊಸ ನಿಯಮವನ್ನೂ ಒಂದು ಮೆಸೇಜ್ ಮಾಡಿ ಹರಿವಿಗೇ ಬಿಡೋದು. ವಹಿವಾಟುಗಳು ಒಂದು ಹರಿವಿನಲ್ಲಿ ಬರುತ್ತವೆ, ನಿಯಮಗಳು ಇನ್ನೊಂದರಲ್ಲಿ. ನಿಯಮದ ಹರಿವು ಮಾತ್ರ ಎಲ್ಲ ಕೆಲಸಗಾರ ಸರ್ವರ್‌ಗಳಿಗೂ ಪ್ರತಿ ಪ್ರತಿಯಾಗಿ ಹೋಗುತ್ತದೆ. ಫ್ಲಿಂಕ್ ಇದನ್ನು ಬ್ರಾಡ್‌ಕಾಸ್ಟ್ ಸ್ಟೇಟ್ ಅಂತ ಕರೆಯುತ್ತದೆ. ಏನನ್ನೂ ನಿಲ್ಲಿಸಬೇಕಾಗಿಲ್ಲ.

ಆದರೆ ಇಲ್ಲೂ ಒಂದು ಮುಳ್ಳಿದೆ. ಎಲ್ಲರಿಗೂ ತಲುಪುತ್ತದೆ ಅನ್ನೋದಷ್ಟೇ ಗ್ಯಾರಂಟಿ. ಒಂದೇ ಕ್ರಮದಲ್ಲಿ ತಲುಪುತ್ತದೆ ಅಂತ ಇಲ್ಲ. 'ಮಿತಿ 3 ಮಾಡಿ', ಹಿಂದೆಯೇ 'ಮಿತಿ 4 ಮಾಡಿ' ಅಂತ ಎರಡು ಮೆಸೇಜ್ ಬೇರೆ ಬೇರೆ ಕಡೆಯಿಂದ ಹೋದರೆ ಒಂದು ಸರ್ವರ್‌ಗೆ 3 ಕೊನೆಯದು ಅನ್ನಿಸಬಹುದು, ಇನ್ನೊಂದಕ್ಕೆ 4. ಎರಡೂ ಹಾಗೇ ಉಳಿದುಬಿಡುತ್ತವೆ, ಯಾವ ಎರರ್ ಕೂಡ ಬರೋದಿಲ್ಲ. ಅದಕ್ಕೇ ನಿಯಮದ ಮೇಲೂ ಆವೃತ್ತಿ ಸಂಖ್ಯೆ ಇರಬೇಕು. ನನ್ನ ಹತ್ತಿರ 8ನೇ ಆವೃತ್ತಿ ಇದೆ, ಈಗ ಬಂದದ್ದು 7, ಬಿಟ್ಟುಬಿಡೋಣ ಅಂತ ಸರ್ವರ್ ತೀರ್ಮಾನ ಮಾಡಬಹುದು.

ಪಾರ್ಟಿಷನ್ ಜಾಸ್ತಿ ಮಾಡಿದರೆ ಏನಾಗುತ್ತದೆ?

ಕಾಫ್ಕಾದಲ್ಲಿ ಬಹಳ ಜನ ಸಲೀಸಾಗಿ ಬದಲಿಸುವ ಸೆಟ್ಟಿಂಗ್ ಇದು. ವಹಿವಾಟು ಜಾಸ್ತಿಯಾಯಿತು, 6 ಪಾರ್ಟಿಷನ್ ಸಾಲದು, 8 ಮಾಡೋಣ. ಆಜ್ಞೆ ಒಂದೇ ಸಾಲು. ಸೆಕೆಂಡುಗಳಲ್ಲಿ ಮುಗಿಯುತ್ತದೆ.

ಒಂದು ಕಾರ್ಡ್‌ನ ಮೆಸೇಜ್ ಯಾವ ಪಾರ್ಟಿಷನ್‌ಗೆ ಹೋಗಬೇಕು ಅಂತ ತೀರ್ಮಾನ ಆಗೋದು ಹೀಗೆ. ಕಾರ್ಡ್ ಸಂಖ್ಯೆಯನ್ನು ಒಂದು ಸೂತ್ರಕ್ಕೆ ಹಾಕಿದರೆ ಒಂದು ದೊಡ್ಡ ಅಂಕಿ ಬರುತ್ತದೆ. ಅದನ್ನು ಪಾರ್ಟಿಷನ್‌ಗಳ ಸಂಖ್ಯೆಯಿಂದ ಭಾಗಿಸಿ, ಉಳಿದ ಶೇಷವೇ ಪಾರ್ಟಿಷನ್ ನಂಬರ್. ಸುಮ್ನೆ ಸಣ್ಣ ಅಂಕಿ ಇಟ್ಟು ನೋಡೋಣ. ಸೂತ್ರದಿಂದ 17 ಬಂತು ಅಂದುಕೊಳ್ಳಿ. 17ನ್ನು 6ರಿಂದ ಭಾಗಿಸಿದರೆ ಶೇಷ 5. ಆ ಕಾರ್ಡ್‌ನ ಎಲ್ಲ ಮೆಸೇಜ್ 5ನೇ ಪಾರ್ಟಿಷನ್‌ಗೆ. ಈಗ ಪಾರ್ಟಿಷನ್ 8 ಆಯಿತು. 17ನ್ನು 8ರಿಂದ ಭಾಗಿಸಿದರೆ ಶೇಷ 1. ಈ ಕ್ಷಣದಿಂದ ಅದೇ ಕಾರ್ಡ್‌ನ ಮೆಸೇಜ್‌ಗಳು 1ನೇ ಪಾರ್ಟಿಷನ್‌ಗೆ.

ಹಳೆಯ ಮೆಸೇಜ್‌ಗಳು 5ರಲ್ಲೇ ಉಳಿದಿವೆ. ಕಾಫ್ಕಾ ಅವನ್ನು ಎತ್ತಿ ಸಾಗಿಸೋದಿಲ್ಲ. 5ನೇ ಪಾರ್ಟಿಷನ್ ಓದುವವನು ಸ್ವಲ್ಪ ಹಿಂದೆ ಬಿದ್ದಿದ್ದರೆ ಹೊಸ ವಹಿವಾಟು ಮೊದಲು ಲೆಕ್ಕಕ್ಕೆ ಬಂದು ಹಳೆಯದು ಆಮೇಲೆ ಬರುತ್ತದೆ. ಪಾರ್ಟಿಷನ್ ಓದುವವನೇ ತನ್ನ ಹತ್ತಿರ ಎಣಿಕೆ ಇಟ್ಟುಕೊಳ್ಳುವ ವ್ಯವಸ್ಥೆಯಾದರೆ ಇನ್ನೂ ಮಜಾ. ಮೊದಲ 3 ಸಲದ ನೆನಪು ಒಬ್ಬನ ಹತ್ತಿರ, ಮುಂದಿನ 3 ಸಲ ಇನ್ನೊಬ್ಬನ ಹತ್ತಿರ. ಮಿತಿ ಮೊದಲಿನ ಹಾಗೆ 5 ಅಂತಲೇ ಇಟ್ಟುಕೊಂಡರೆ, ಅದು ಯಾರ ಕಣ್ಣಿಗೂ ದಾಟಿಲ್ಲ. 6 ಸಲ ಉಜ್ಜಿದವನು ಆರಾಮಾಗಿ ಪಾರು.

ಹಾಗಾದರೆ ವಾಪಸ್ 6 ಮಾಡಿಬಿಡೋಣ ಅಲ್ವಾ? ಆಗೋದಿಲ್ಲ. ಕಾಫ್ಕಾದಲ್ಲಿ ಪಾರ್ಟಿಷನ್ ಹೆಚ್ಚಿಸಬಹುದು, ಇಳಿಸಲು ಬರೋದಿಲ್ಲ. ಹೊಸ ಟಾಪಿಕ್ ಮಾಡಿ ಅದಕ್ಕೆ ಎಲ್ಲವನ್ನೂ ಸಾಗಿಸಬೇಕು. ಇದೇ ಕಾರಣಕ್ಕೆ ಅನುಭವಸ್ಥರು ಶುರುವಿನಲ್ಲೇ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಪಾರ್ಟಿಷನ್ ಇಟ್ಟುಕೊಳ್ಳುತ್ತಾರೆ.

ಫ್ಲಿಂಕ್ ಈ ಗಂಟನ್ನು ಬೇರೆ ಥರ ಬಿಡಿಸಿದೆ. ಕಾರ್ಡ್‌ಗಳನ್ನು ಮೊದಲೇ ನಿಗದಿಯಾದ ಸಣ್ಣ ಸಣ್ಣ ಗುಂಪುಗಳಿಗೆ ಹಂಚುತ್ತದೆ. ನೀವು ಏನೂ ಹೇಳದಿದ್ದರೆ ಕಡಿಮೆ ಅಂದರೂ 128 ಗುಂಪು. ಕೆಲಸಗಾರರು 4 ಇದ್ದರೆ ತಲಾ 32 ಗುಂಪು, 8 ಆದರೆ ತಲಾ 16. ಕಾರ್ಡ್ ಯಾವ ಗುಂಪಿನದು ಅನ್ನೋದು ಬದಲಾಗೋದಿಲ್ಲ, ಗುಂಪು ಯಾರ ಹತ್ತಿರ ಅನ್ನೋದಷ್ಟೇ ಬದಲಾಗುತ್ತದೆ. ಗುಂಪಿನ ಜೊತೆ ಅದರ ನೆನಪೂ ಹೋಗುತ್ತದೆ. ಇಲ್ಲೂ ಒಂದು ಬೆಲೆ ಇದೆ: ಒಟ್ಟು ಗುಂಪುಗಳ ಸಂಖ್ಯೆಯನ್ನು ಮಾತ್ರ ಆಮೇಲೆ ಸುಲಭಕ್ಕೆ ಬದಲಿಸಲಾಗದು.

2020ರ ನವೆಂಬರ್ 25, ಉತ್ತರ ವರ್ಜೀನಿಯಾ

ಅಮೆಜಾನ್‌ನ ಕೈನೆಸಿಸ್ ಕೂಡ ಕಾಫ್ಕಾದ ಥರದ್ದೇ ಸ್ಟ್ರೀಮಿಂಗ್ ಸೇವೆ. ಅಂದು ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ. ಪೆಸಿಫಿಕ್ ಸಮಯ ಬೆಳಗಿನ ಜಾವ 2:44ಕ್ಕೆ, ಉತ್ತರ ವರ್ಜೀನಿಯಾದಲ್ಲಿದ್ದ ಕೈನೆಸಿಸ್‌ನ ಮುಂಚೂಣಿ ಸರ್ವರ್‌ಗಳ ಗುಂಪಿಗೆ ಇನ್ನಷ್ಟು ಸರ್ವರ್ ಸೇರಿಸಲು ಶುರು ಮಾಡಿದರು. 3:47ಕ್ಕೆ ಮುಗಿಯಿತು. ಸಣ್ಣ ಸೇರ್ಪಡೆ, ಮಾಮೂಲಿ ಕೆಲಸ.

ಬಂದ ಮೆಸೇಜ್ ಹಿಂದಿನ ಯಾವ ಸರ್ವರ್‌ಗೆ ಹೋಗಬೇಕು ಅಂತ ದಾರಿ ತೋರಿಸೋದು ಈ ಮುಂಚೂಣಿ ಸರ್ವರ್‌ಗಳ ಕೆಲಸ. ಅದಕ್ಕೆ ಪ್ರತಿಯೊಂದೂ ತನ್ನ ಹತ್ತಿರ ಒಂದು ನಕ್ಷೆ ಇಟ್ಟುಕೊಳ್ಳುತ್ತದೆ. ನಕ್ಷೆ ಸರಿಯಾಗಿರಲು ಉಳಿದ ಎಲ್ಲ ಮುಂಚೂಣಿ ಸರ್ವರ್‌ಗಳ ಜೊತೆ ಮಾತಾಡುತ್ತಿರುತ್ತದೆ, ಒಬ್ಬೊಬ್ಬರಿಗೂ ಒಂದೊಂದು ಥ್ರೆಡ್ ಇಟ್ಟುಕೊಂಡು. ಥ್ರೆಡ್ ಅಂದರೆ ಪ್ರೋಗ್ರಾಮ್ ಒಳಗೆ ಬೇರೆಯಾಗಿ ಓಡುವ ಒಂದು ಕೆಲಸದ ಎಳೆ. ಅಂದರೆ ಗುಂಪಿಗೆ ಹೊಸಬರು ಸೇರಿದರೆ ಹಳಬರೆಲ್ಲರ ಮೇಲೂ ಭಾರ ಏರುತ್ತದೆ. ಒಂದು ಯಂತ್ರ ಎಷ್ಟು ಥ್ರೆಡ್ ಇಟ್ಟುಕೊಳ್ಳಬಹುದು ಅನ್ನೋದಕ್ಕೆ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಒಂದು ಸೆಟ್ಟಿಂಗ್ ಇತ್ತು. ಗುಂಪು ಬೆಳೆದು ಬೆಳೆದು ಆ ಮಿತಿಯ ಅಂಚಿಗೆ ಬಂದಿತ್ತು.

ಹೊಸಬರ ಸುದ್ದಿ ಎಲ್ಲ ಹಳಬರಿಗೂ ತಲುಪಲು 1 ಗಂಟೆಯ ತನಕ ಹಿಡಿಯುತ್ತಿತ್ತು. ಹಾಗಾಗಿ ಸರ್ವರ್ ಸೇರಿಸಿದ ಕೂಡಲೇ ಏನೂ ಆಗಲಿಲ್ಲ. 5:15ಕ್ಕೆ ಅಲಾರಂ ಹೊಡೆಯಿತು. ಇಡೀ ಗುಂಪೇ ಮಿತಿ ದಾಟಿತ್ತು. ನಕ್ಷೆ ಕಟ್ಟಲು ಆಗದೆ ಸರ್ವರ್‌ಗಳು ದಾರಿ ತಪ್ಪಿ ಕೂತಿದ್ದವು. ಕಾರಣ ಖಚಿತವಾದದ್ದು 9:39ಕ್ಕೆ.

ಮಿತಿಯ ಸೆಟ್ಟಿಂಗ್ ಏರಿಸಿಬಿಟ್ಟರೆ ಮುಗಿಯಿತು ಅಂತ ನಮಗೆ ಅನ್ನಿಸುತ್ತದೆ. ಅವರು ಏರಿಸಲಿಲ್ಲ. ಪರೀಕ್ಷೆ ಮಾಡದೆ ಇನ್ನೊಂದು ಸೆಟ್ಟಿಂಗ್ ಮುಟ್ಟೋದು ಬೇಡ ಅಂತ, ಸೇರಿಸಿದ ಸರ್ವರ್‌ಗಳನ್ನು ತೆಗೆದು ಉಳಿದವನ್ನು ರೀಸ್ಟಾರ್ಟ್ ಮಾಡಲು ಹೊರಟರು. ಈ ಇಡೀ ಘಟನೆಯಲ್ಲಿ ನನಗೆ ಮೆಚ್ಚುಗೆಯಾದ ತೀರ್ಮಾನ ಇದು. ಆದರೆ ಸರ್ವರ್‌ಗಳು ಸಾವಿರಗಟ್ಟಲೆ. ಒಟ್ಟಿಗೆ ಎಬ್ಬಿಸಿದರೆ ನಕ್ಷೆ ಕಟ್ಟುವ ಕೆಲಸವೂ ಬರುವ ಮೆಸೇಜ್‌ಗಳೂ ಒಂದೇ ಸಂಪನ್ಮೂಲಕ್ಕೆ ಕಿತ್ತಾಡಿ ಮತ್ತೆ ಬೀಳುತ್ತವೆ. ಹಾಗಾಗಿ ಗಂಟೆಗೆ ಕೆಲವು ನೂರರಂತೆ ಎಬ್ಬಿಸಿದರು. ಪೂರ್ತಿ ಸರಿಹೋದದ್ದು ರಾತ್ರಿ 10:23ಕ್ಕೆ.

ಅಷ್ಟರಲ್ಲಿ ಕೈನೆಸಿಸ್ ನಂಬಿಕೊಂಡಿದ್ದ ಅಮೆಜಾನ್‌ನ ಬೇರೆ ಸೇವೆಗಳೂ, ಅವನ್ನು ನಂಬಿದ ಹೊರಗಿನವರೂ ಮುಗ್ಗರಿಸಿದ್ದರು. ಮನೆ ಗುಡಿಸುವ ರೂಂಬಾ ರೋಬೋಟ್‌ನ ಆ್ಯಪ್‌ಗೂ ತೊಂದರೆ ಆಯಿತು. ತೊಂದರೆ ಇದೆ ಅಂತ ಗ್ರಾಹಕರಿಗೆ ತಿಳಿಸುವ ಪುಟವನ್ನು ತಿದ್ದುವ ಸಾಧನವೂ ಕೈಕೊಟ್ಟಿತು, ಯಾಕೆಂದರೆ ಅದರ ಲಾಗಿನ್ ಸೇವೆ ಕೈನೆಸಿಸ್ ಮೇಲೆ ನಿಂತಿತ್ತು! ಆಮೇಲೆ ಅಮೆಜಾನ್ ಮಾಡಿದ ಮೊದಲ ಬದಲಾವಣೆ, ಹೆಚ್ಚು ಶಕ್ತಿಯ ದೊಡ್ಡ ಸರ್ವರ್‌ಗಳಿಗೆ ಹೋಗಿ ಒಟ್ಟು ಸಂಖ್ಯೆ ಇಳಿಸಿದ್ದು. ಜನ ಕಡಿಮೆಯಾದರೆ ಒಬ್ಬೊಬ್ಬರೂ ಮಾತಾಡಬೇಕಾದವರೂ ಕಡಿಮೆ.

ಒಂದೊಂದಾಗಿ ಬದಲಿಸುವ ಕ್ರಮ

ರೀಸ್ಟಾರ್ಟ್ ಬೇಕಾದ ಬದಲಾವಣೆಗೆ ರೋಲಿಂಗ್ ರೀಸ್ಟಾರ್ಟ್ ಅನ್ನೋ ಪದ್ಧತಿ ಇದೆ. ಒಂದು ಸರ್ವರ್ ಇಳಿಸಿ, ಬದಲಿಸಿ, ಏರಿಸಿ, ಆಮೇಲೆ ಮುಂದಿನದು. ಕಾಫ್ಕಾದಲ್ಲಿ ಸಾಮಾನ್ಯವಾಗಿ ಪ್ರತಿ ಮೆಸೇಜ್‌ನ 3 ಪ್ರತಿ ಇಟ್ಟು, ಕನಿಷ್ಠ 2 ಕಡೆ ಬರೆದ ಮೇಲೆ ಮಾತ್ರ ಸರಿ ಅನ್ನುವಂತೆ ಹೊಂದಿಸಿರುತ್ತಾರೆ. ಒಂದು ಸರ್ವರ್ ಇಳಿದರೆ ನಡೆಯುತ್ತದೆ. ಅದು ಎದ್ದು ತನ್ನ ಬಾಕಿ ಓದಿ ಮುಗಿಸುವ ಮುಂಚೆಯೇ ಎರಡನೆಯದನ್ನು ಇಳಿಸಿದರೆ ಬರೆಯೋದೇ ನಿಲ್ಲುತ್ತದೆ. ಸರ್ವರ್ ಎದ್ದಿದೆ ಅನ್ನೋದೂ ಅದು ಉಳಿದವರ ಸಮಕ್ಕೆ ಬಂದಿದೆ ಅನ್ನೋದೂ ಬೇರೆ ಬೇರೆ. ಹಿಂದೆ ಬಿದ್ದ ಪ್ರತಿಗಳ ಲೆಕ್ಕ ಸೊನ್ನೆಗೆ ಬರುವ ತನಕ ಕಾಯಬೇಕು. ಅವಸರದಲ್ಲಿ ತಪ್ಪಿಹೋಗುವ ಹೆಜ್ಜೆ ಇದೇ.

ಸೆಟ್ಟಿಂಗ್‌ಗಳನ್ನು ಕೋಡ್ ಥರವೇ ಗಿಟ್‌ನಲ್ಲಿ (ಯಾರು ಯಾವಾಗ ಏನು ಬದಲಿಸಿದರು ಅಂತ ದಾಖಲಿಸುವ ತಂತ್ರಾಂಶ) ಇಟ್ಟು, ಇನ್ನೊಬ್ಬರು ನೋಡಿ ಒಪ್ಪಿದ ಮೇಲೆ ಹಾಕೋದು, ಮೊದಲು ಒಂದೆರಡು ಸರ್ವರ್‌ಗೆ ಮಾತ್ರ ಹಾಕಿ ನೋಡೋದು ಈಗ ಸಾಕಷ್ಟು ಕಡೆ ರೂಢಿ. ಕೈನೆಸಿಸ್ ಕತೆ ನೋಡಿದರೆ ಇದರ ಮಿತಿಯೂ ಗೊತ್ತಾಗುತ್ತದೆ. ಅಲ್ಲಿ ಹೊಸ ಸರ್ವರ್ ಮಾತ್ರ ಕೆಡಲಿಲ್ಲ, ಇಡೀ ಗುಂಪು ಒಟ್ಟಿಗೆ ಕೆಟ್ಟಿತು.

ವಾಪಸ್ ಹೋಗಬಹುದಾ?

ಸೆಟ್ಟಿಂಗ್ ಹಿಂದಕ್ಕೆ ಹಾಕಿದರೆ ಸೆಟ್ಟಿಂಗ್ ಮಾತ್ರ ಹಿಂದಕ್ಕೆ ಹೋಗುತ್ತದೆ. ನಡುವೆ ಡೇಟಾಕ್ಕೆ ಆದದ್ದು ಆಗಿರುತ್ತದೆ. 3ರ ಬದಲು 30 ಅಂತ ಮಿತಿ ಹಾಕಿ ಅರ್ಧ ಗಂಟೆ ಬಿಟ್ಟು ತಿದ್ದಿದರೆ, ಆ ಅರ್ಧ ಗಂಟೆಯ ವಹಿವಾಟುಗಳು ಈಗಾಗಲೇ ಪಾಸಾಗಿವೆ. ಮೆಸೇಜ್‌ಗಳು ಕಾಫ್ಕಾದಲ್ಲಿ ಇನ್ನೂ ಇದ್ದರೆ ಹಿಂದಕ್ಕೆ ಹೋಗಿ ಮತ್ತೆ ಓದಿ ಲೆಕ್ಕ ಸರಿಮಾಡಬಹುದು. ಸ್ಟ್ರೀಮ್ ವ್ಯವಸ್ಥೆಗಳ ದೊಡ್ಡ ಆಸರೆ ಇದೇ.

ಆ ಆಸರೆಯನ್ನೇ ಕಿತ್ತುಹಾಕುವ ಸೆಟ್ಟಿಂಗ್ ಒಂದಿದೆ: ಮೆಸೇಜ್‌ಗಳನ್ನು ಎಷ್ಟು ದಿನ ಇಡಬೇಕು ಅನ್ನೋದು. ಡಿಸ್ಕ್ ತುಂಬುತ್ತಿದೆ ಅಂತ 7 ದಿನವನ್ನು 1 ದಿನ ಮಾಡುತ್ತೀರಿ. ರೀಸ್ಟಾರ್ಟ್ ಬೇಡ, ಆಜ್ಞೆ ಒಂದೇ ಸಾಲು, ಕಾಫ್ಕಾದ ಅತಿ ಸುಲಭದ ಬದಲಾವಣೆಗಳಲ್ಲಿ ಒಂದು. ಹಳೆಯ ಫೈಲ್‌ಗಳಿವೆಯಾ ಅಂತ ಕಾಫ್ಕಾ ಮಾಮೂಲಿಗೆ 5 ನಿಮಿಷಕ್ಕೊಮ್ಮೆ ನೋಡುತ್ತದೆ. ಸಿಕ್ಕ ಫೈಲ್‌ಗಳಿಗೆ ಅಳಿಸಬೇಕಾದದ್ದು ಅಂತ ಗುರುತು ಹಾಕಿ, 1 ನಿಮಿಷ ಬಿಟ್ಟು ಡಿಸ್ಕ್‌ನಿಂದ ತೆಗೆದುಹಾಕುತ್ತದೆ. ಮೂರು ಪ್ರತಿ ಇದ್ದರೂ ಮೂರರಲ್ಲೂ ಹೀಗೇ. ಹತ್ತು ನಿಮಿಷ ಬಿಟ್ಟು ಮತ್ತೆ 7 ದಿನ ಅಂತ ಹಾಕಿದರೆ ಕಾಫ್ಕಾ ತಕ್ಷಣ ಒಪ್ಪಿಕೊಳ್ಳುತ್ತದೆ. ಸೆಟ್ಟಿಂಗ್‌ನಲ್ಲಿ 7 ದಿನ ಅಂತಲೇ ಕಾಣುತ್ತದೆ, ಡಿಸ್ಕ್‌ನಲ್ಲಿ ಹೆಚ್ಚುಕಮ್ಮಿ 1 ದಿನದ್ದು ಮಾತ್ರ ಇರುತ್ತದೆ.